ಬಾಯಿಬಿಟ್ಟು ಕೇಳಿದರೆ

ನಟರಾಜು ಹಾರವನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಎಡಗೈಯ ರೆಗ್ಜಿನ್ ಚೀಲವನ್ನು ತೊಡೆಗೆ ಒತ್ತಿಕೊಂಡು ಶಾಮಿಯಾನದ ಕೆಳಗೆ ಬಂದ. ಹಾರ ಹಾಕಲು ಬಗ್ಗಿದಾಗ ಚೀಲದೊಳಗಿನ ತಗಡಿನ ಡಬ್ಬಿ ಬೆಂಚಿನ ಕಾಲಿಗೆ ತಗಲಿ ಸದ್ದಾಯಿತು. ಅಳುತ್ತಿದ್ದ ಹೆಂಗಸರು ಅಳುವುದನ್ನು ನಿಲ್ಲಿಸಿ ಅವನ ಕಡೆ ನೋಡಿದರು. ನೋಡದೆ ಇದ್ದವನು ಬೋರಲಿಂಗಯ್ಯ ಒಬ್ಬನೇ. ಮೂಗಿಗೆ ಹತ್ತಿ ಇಟ್ಟಿದ್ದರು. ಬದುಕಿದ್ದಾಗ ಇಂಥ ಸದ್ದು ಕೇಳಿದರೆ ಮೊದಲು ತಿರುಗುತ್ತಿದ್ದವನು ಅವನೇ.

"ಯಾರ್ಲಾ ಅದು?" ಎಂದ ಚಲುವಯ್ಯ. ಸತ್ತವನ ದಾಯಾದಿ, ಚಟ್ಟಕ್ಕೆ ಬಿದಿರು ಸೀಳುತ್ತಿದ್ದ.

"ಚನ್ನಪಟ್ಟಣದ ನಟರಾಜು. ಕೆಂಗಲ್ ತಾವ ರೇಷ್ಮೆ ಮಿಲ್ ಐತಲ್ಲ, ಅಲ್ಲಿ ಎಲೆಕ್ಟ್ರಿಷನ್ನು," ಎಂದ ಪಕ್ಕದಲ್ಲಿ ಕೂತಿದ್ದ ಮುಷರಫ್. ಅವನದು ರಾಮನಗರದಲ್ಲಿ ಗುಜರಿ ಅಂಗಡಿ. ಸುದ್ದಿ ತಿಳಿದದ್ದೇ ಅಂಗಡಿ ಮುಚ್ಚಿ ಕಬ್ಬಾಳಿಗೆ ಬಂದುಬಿಟ್ಟಿದ್ದ.

"ಬೋರಂಗೂ ಅವ್ನಿಗೂ ಆಯ್ತಿರ್ಲಿಲ್ಲ ಅಂತಿದ್ರು?"

"ಆಯ್ತಿರ್ಲಿಲ್ಲ."

"ಮತ್ಯಾಕ್ ಬಂದವ್ನೆ?"

ಮುಷರಫ್ ಗಡ್ಡ ಕೆರೆದುಕೊಂಡ. "ಅವ್ನ್ ಮಿಲ್ ನಿಂತೋಗೈತೆ ಕಣಣ್ಣ. ಅದಕ್ ಬೇಕಾದ್ ಕಾರ್ಡು ಈ ಮನೇಲೈತೆ. ಬೇರೆಲ್ಲೂ ಇಲ್ಲ."

"ಥೂ! ಉರಿಯೋ ಮನೇಲಿ ಗಳ ಹಿರಿಯೋಕ್ ಬಂದವ್ನೆ ಅನ್ನು."

ಮಾತು ನಟರಾಜನ ಕಿವಿಗೆ ಬಿತ್ತು. ಬೀಳಲಿ ಎಂದೇ ಚಲುವಯ್ಯ ಆಡಿದ್ದು.

ಕನಕಪುರದಲ್ಲಿ ಬೋರಲಿಂಗಯ್ಯನಿದ್ದ ಮಿಲ್ಲಿಗೂ ಕೆಂಗಲ್ಲಿನ ಮಿಲ್ಲಿಗೂ ರೇಷ್ಮೆ ಬಿಚ್ಚುವ ಒಂದೇ ಬಗೆಯ ಯಂತ್ರಗಳು ಒಂದೇ ವರ್ಷ ಬಂದಿದ್ದವು. ರಾಟೆ ಯಾವಾಗ ತಿರುಗಬೇಕು, ಎಳೆ ಹರಿದರೆ ಯಾವಾಗ ನಿಲ್ಲಬೇಕು ಎಂದು ಹೇಳುವುದಕ್ಕೆ ಪಕ್ಕದಲ್ಲಿ ಒಂದು ಪ್ಯಾನೆಲ್. ಆ ಪ್ಯಾನೆಲ್ಲಿನ ಸಾಮಾನು ಮಾಡುತ್ತಿದ್ದ ಕಂಪನಿ ಅದನ್ನು ಮಾಡುವುದನ್ನೇ ಬಿಟ್ಟು ಎಷ್ಟೋ ಕಾಲವಾಯಿತು. ಹೊಸ ಪ್ಯಾನೆಲ್ ಹಾಕಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ. ಅಲ್ಲಿಂದಾಚೆ ಎರಡೂ ಮಿಲ್ಲುಗಳನ್ನು ಓಡಿಸಿದ್ದು ಗುಜರಿ ಅಂಗಡಿಗಳೇ. ಮುಚ್ಚಿದ ಕಾರ್ಖಾನೆಗಳಿಂದ ಬಂದ ಕಬ್ಬಿಣದ ರಾಶಿಯಲ್ಲಿ ಕೈಯಾಡಿಸಿ, ಬೇಕಾದ ತುಂಡನ್ನು ಹೆಕ್ಕಿ ತರುವುದು ಬೋರಲಿಂಗಯ್ಯನ ಕೆಲಸ, ನಟರಾಜನ ಕೆಲಸ. ಒಬ್ಬನಿಗೆ ಸಿಕ್ಕರೆ ಇನ್ನೊಬ್ಬನಿಗಿಲ್ಲ.

"ನನ್ನ ನೋಡೋಕೆ ಮದ್ದೂರಿಂದ ಗಂಡಿನ್ ಕಡೆಯವ್ರು ಬಂದಿದ್ರಲ್ಲ," ಎಂದು ಮಗಳು ಭಾನುಪ್ರಿಯ ಅಳುವಿನ ನಡುವೆಯೇ ನೆಂಟರಿಗೆ ಹೇಳುತ್ತಿದ್ದಳು, "ಹುಡುಗನ್ ತಾವ ಅಪ್ಪ ಕೇಳಿದ್ದು ಒಂದೇ ಮಾತು. ಮದ್ದೂರಲ್ಲಿ ಗುಜರಿ ಅಂಗ್ಡಿ ಎಷ್ಟವೆ, ಅಂತ." ಹೆಂಗಸರು ನಕ್ಕರು, ನಕ್ಕದ್ದಕ್ಕೆ ಮತ್ತೆ ಅತ್ತರು.

*

ಜಗಳ ಹುಟ್ಟಿದ್ದು ಮುಷರಫನ ಅಂಗಡಿಯಲ್ಲೇ. ಬಿಡದಿಯ ಕಡೆ ಮುಚ್ಚಿದ ಯಾವುದೋ ಕಾರ್ಖಾನೆಯಿಂದ ಲಾರಿ ಬಂದು ಸುರಿದಿತ್ತು. ರಾಶಿಯ ಈ ಬದಿಯಿಂದ ಬೋರಲಿಂಗಯ್ಯ, ಆ ಬದಿಯಿಂದ ನಟರಾಜು ಕೆದಕುತ್ತ ಬಂದರು. ನಡುವೆ ಸಿಕ್ಕಿತು, ಅದೇ ಬಗೆಯ ಒಂದು ಪ್ಯಾನೆಲ್.

"ನಾನ್ ಮೊದ್ಲು ನೋಡಿದ್ದು!"

"ನೋಡಿದ್ರೇನ್ ಬಂತಣ್ಣ? ನಾನ್ ಮುಟ್ಟಿದ್ದು!"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇಬ್ಬರೂ ಎಳೆದಾಡಿ ಪ್ಯಾನೆಲ್ ಬಿಚ್ಚಿಕೊಂಡಿತು. ಯಂತ್ರಕ್ಕೆ ಅಪ್ಪಣೆ ಕೊಡುವ ಹಸಿರು ಹಲಗೆ, ಒಳಗಿನ ಕಾರ್ಡು, ಬೋರಲಿಂಗಯ್ಯನ ಕೈಯಲ್ಲಿ, ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈನ ತಗಡಿನ ಡಬ್ಬಿ ನಟರಾಜನ ಕೈಯಲ್ಲಿ ಉಳಿದವು.

"ಇಬ್ರೂ ಸೇರಿ ಒಂದ್ ಕಡೆ ಇಡ್ರಪ್ಪ. ಯಾರ್ದು ಕೆಡ್ತದೋ ಅವ್ರು ತಗಳಿ," ಎಂದ ಮುಷರಫ್.

ಬುದ್ಧಿವಂತರ ಕಿವಿಗೆ ಇಂಥ ಮಾತು ಹೋಗುವುದಿಲ್ಲ. ಇಬ್ಬರೂ ತಮ್ಮ ತಮ್ಮ ಅರ್ಧವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬೇರೆ ಬೇರೆ ಬಸ್ಸು ಹತ್ತಿದರು.

*

ಪಕ್ಕದ ಮನೆಯವರು ಟೀ ತಂದಿದ್ದರು. ಕೆಂಚಮ್ಮ ಗಂಡನ ತಲೆಯ ಹತ್ತಿರದಿಂದ ಎದ್ದು, ತಾನೇ ಒಂದು ಲೋಟ ತೆಗೆದುಕೊಂಡು ನಟರಾಜನ ಮುಂದೆ ಹಿಡಿದಳು. ಗಂಡ ಸತ್ತವಳು ಎದ್ದು ಬಂದು ಟೀ ಕೊಡುವುದನ್ನು ಯಾರೂ ಕಂಡಿರಲಿಲ್ಲ.

"ಕುಡಿಯಣ್ಣ."

"ಬ್ಯಾಡಕ್ಕ."

"ಏನಾರ ಕೇಳೋದಿತ್ತಾ?"

ಚಲುವಯ್ಯನ ಮಚ್ಚು ನಿಂತಿತ್ತು. "ಏನಿಲ್ಲಕ್ಕ," ಎಂದುಬಿಟ್ಟ ನಟರಾಜು.

ಅವಳು ಲೋಟವನ್ನು ಇನ್ನೊಮ್ಮೆ ಅವನ ಮುಂದೆ ಹಿಡಿದಳು. ಆಮೇಲೆ ಲೋಟವನ್ನು ನೆಲಕ್ಕಿಟ್ಟು ಒಳಗೆ ಹೋದಳು.

ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಿಲ್ಲಿನಲ್ಲಿ ನೂಲು ಬಿಚ್ಚುವ ಕೆಹಕಶಾನ್. "ಅಣ್ಣಾ, ಸಿಕ್ತಾ? ಓನರ್ ಯಾರ್ನೋ ಕರ್ಕೊಂಬಂದು ಮಿಷಿನ್ ತೋರಿಸ್ತಾವ್ರೆ. ಸೋಮವಾರ ಓಡ್ಲಿಲ್ಲಾಂದ್ರೆ ಗುಜರಿಗೆ ತೂಕಕ್ ಹಾಕ್ತಾರಂತೆ. ನಾವೆಲ್ಲ ಎಲ್ಲೋಗದಣ್ಣ?"

"ನೋಡ್ತಾ ಇವ್ನಿ ಕಣಮ್ಮ," ಎಂದು ಫೋನಿಟ್ಟ. ಕೇಳಿದರೆ ಮಾನ ಹೋಗುತ್ತದೆ, ಕೇಳದಿದ್ದರೆ ಮಿಲ್ಲು ಹೋಗುತ್ತದೆ.

*

ಹಿಂದೊಮ್ಮೆ ಬೋರಲಿಂಗಯ್ಯ ನಟರಾಜನನ್ನು ಕೇಳಿದ್ದ. ಕನಕಪುರದ ಪ್ಯಾನೆಲ್ಲಿನ ಪವರ್ ಸಪ್ಲೈ ಸುಟ್ಟುಹೋದ ವಾರ, ಶನಿವಾರ, ಕೆಂಗಲ್ ಆಂಜನೇಯನ ಗುಡಿಯ ಮುಂದೆ.

"ನಟ್ರಾಜ, ಆ ಡಬ್ಬಿ ಒಸಿ ಕೊಡಪ್ಪ. ಇನ್ನೊಂದು ಸಿಕ್ಕಿದ್ ದಿನ ತಂದ್ ಕೊಡ್ತೀನಿ."

"ಎಲ್ಲೈತಣ್ಣ ನನ್ ತಾವ? ಅದೂ ಸುಟ್ಟೋಯ್ತು."

ಸುಳ್ಳು. ಡಬ್ಬಿ ಮಿಲ್ಲಿನ ಬೀರುವಿನಲ್ಲಿ ಭದ್ರವಾಗಿತ್ತು. ನಟರಾಜು ಕೆಟ್ಟವನಲ್ಲ, ನಾಳೆ ನನ್ನದೇ ಕೆಟ್ಟರೆ ಎಂದು ಹೆದರಿದ, ಅಷ್ಟೆ. ಬೋರಲಿಂಗಯ್ಯನಿಗೆ ಸುಳ್ಳೆಂದು ಗೊತ್ತಾಯಿತು. "ಓ, ಹಂಗಾ," ಎಂದವನು ಕೈಯಲ್ಲಿದ್ದ ಪ್ರಸಾದದ ಕಾಯಿಯಲ್ಲಿ ಒಂದು ಚೂರು ಮುರಿದು ನಟರಾಜನ ಕೈಗಿಟ್ಟು ಹೊರಟುಹೋದ. ಆ ಚೂರು ನಟರಾಜನ ಗಂಟಲಲ್ಲಿ ಇಂದಿಗೂ ಇಳಿದಿಲ್ಲ.

ಅವನು ಹೆದರಿದ ನಾಳೆ ಬರಲೇ ಇಲ್ಲ; ಕೆಂಗಲ್ಲಿನ ಪ್ಯಾನೆಲ್ಲಿನಲ್ಲಿ ಕೊನೆಗೆ ಕೆಟ್ಟದ್ದು ಕಾರ್ಡು, ಪವರ್ ಸಪ್ಲೈ ಅಲ್ಲ. ಡಬ್ಬಿ ಬೀರುವಿನಲ್ಲಿ ಧೂಳು ಹಿಡಿಯಿತು. ಕನಕಪುರದ ಮಿಲ್ಲು ಮುಚ್ಚಿತು. ಬೋರಲಿಂಗಯ್ಯ ಕೈಯಾರೆ ಸಾಕಿದ ಯಂತ್ರ ಮುಷರಫನ ಅಂಗಡಿಗೇ ಕಬ್ಬಿಣವಾಗಿ ಬಂದಾಗ ಅವನು ನೋಡಲು ಹೋಗಲಿಲ್ಲ. ಊರಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡಿಕೊಂಡು ಉಳಿದ. ಯಾವ ಉಪಯೋಗಕ್ಕೂ ಬಾರದ ಕಾರ್ಡನ್ನು ಮಾತ್ರ ಹೆಂಡತಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಆಗಾಗ ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆದು ಇಡುತ್ತಿದ್ದ. "ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ?" ಎನ್ನುತ್ತಿದ್ದ. ಕೆಂಚಮ್ಮನಿಗೆ ಅದು ಯಾರನ್ನು ಕುರಿತ ಮಾತು ಎಂದು ಗೊತ್ತಿತ್ತು.

ನಿನ್ನೆ ಸಂಜೆ ಜಗಲಿಯ ಮಂಚದ ಮೇಲೆ ಉಸಿರಿಗೆ ಒದ್ದಾಡುತ್ತ ಕೂತಿದ್ದವನು ಇದ್ದಕ್ಕಿದ್ದಂತೆ ನೆಟ್ಟಗಾದ.

"ಅವ್ನೇ ಕಣೇ! ಟೀ ಅಂಗ್ಡಿ ತಾವ ನಿಂತವ್ನೆ ನೋಡು. ಮಿಲ್ ನಿಂತದೆ ಅಂತ ಮುಷರಫ್ ಹೇಳ್ದ. ಆ ಕುರ್ಚಿ ಒರ್ಸಿ ಇಲ್ಲಾಕು."

"ಕೂಗ್ಲಾ?"

"ಬ್ಯಾಡ. ನಾನು ಬಾಯ್ಬುಟ್ಟು ಕೇಳಿದ್ದೆ, ಅವ್ನೂ ಕೇಳ್ಲಿ. ಕೇಳಿದ್ರೆ ಕೊಟ್ಬುಡು. ಕೇಳ್ದಿದ್ರೆ ನನ್ ಜೊತೇಲೆ ಮಣ್ಣಿಗಾಕು."

ರಸ್ತೆಯಾಚೆ ನಟರಾಜು ಒಂದು ಟೀ ಕುಡಿದ. ಇನ್ನೊಂದು ಕುಡಿದ. ಈ ಮನೆಯ ಕಡೆ ಎರಡು ಹೆಜ್ಜೆ ಇಟ್ಟು, ಬಂದ ಬಸ್ಸು ಹತ್ತಿಬಿಟ್ಟ. ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬೋರಲಿಂಗಯ್ಯ ಖಾಲಿ ಕುರ್ಚಿಯನ್ನು ನೋಡಿ, "ಬತ್ತಾನೆ ಬುಡು, ನಾಳೆ," ಎಂದ. ಬೆಳಕು ಹರಿಯುವಷ್ಟರಲ್ಲಿ ಅವನೇ ಇರಲಿಲ್ಲ.

ಕೂಗಬೇಕಿತ್ತು. ಗಂಡನ ಮಾತು ಮೀರಿ ಒಂದೇ ಒಂದು ಸಲ ಕೂಗಿದ್ದರೆ ಏನಾಗುತ್ತಿತ್ತು ಎಂದು ಕೆಂಚಮ್ಮ ಬೆಳಿಗ್ಗೆಯಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

*

ಹೊಲದ ಬದುವಿನಲ್ಲಿ, ಹೊಂಗೆ ಮರದ ಬುಡಕ್ಕೆ ಗುಂಡಿ ತೆಗೆದಿದ್ದರು. ತಮಟೆ ನಿಂತಿತು. ಹೆಣ ಇಳಿಸಿದ ಮೇಲೆ, ಸತ್ತವನಿಗೆ ಇಷ್ಟವಾದದ್ದನ್ನು ಜೊತೆಗಿಡಲು ಕೆಂಚಮ್ಮನನ್ನು ಕರೆದರು. ಅವಳು ಎಲೆಅಡಿಕೆ ಕೊಟ್ಟಳು, ಬೀಡಿ ಕಟ್ಟು ಕೊಟ್ಟಳು. ಕೊನೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೀರೆಯ ಗಂಟು ತೆಗೆದಳು. ಗುಂಡಿಯೊಳಗೆ ನಿಂತಿದ್ದ ಚಲುವಯ್ಯ ಅದನ್ನು ಬೋರಲಿಂಗಯ್ಯನ ಎದೆಯ ಮೇಲಿಟ್ಟ. ಗಂಟು ಸಡಿಲಾಗಿ ಕಾರ್ಡಿನ ಹಸಿರು ಅಂಚು ಕಾಣಿಸಿತು.

"ಮಣ್ಣಾಕ್ರಪ್ಪ," ಎಂದರು ಯಾರೋ.

"ಒಸಿ ತಡೀರಿ," ಎಂದಳು ಕೆಂಚಮ್ಮ. ಅವಳು ಗುಂಡಿಯನ್ನು ನೋಡುತ್ತಿರಲಿಲ್ಲ, ನಟರಾಜನನ್ನು ನೋಡುತ್ತಿದ್ದಳು.

"ಕೇಳ್ಲಾ ನಟ್ರಾಜ," ಎಂದ ಮುಷರಫ್ ಪಕ್ಕದಿಂದ. "ಕೈ ಮುಗೀತೀನಿ, ಕೇಳ್ಲಾ."

ನಟರಾಜು ಹಿಡಿ ಮಣ್ಣು ಹಿಡಿದುಕೊಂಡೇ ಮುಂದೆ ಬಂದು ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದ. ಕೇಳಿದ್ದು ಅವಳನ್ನಲ್ಲ.

"ಬೋರಣ್ಣಾ, ಆ ಕಾರ್ಡು ಕೊಡಣ್ಣ. ನನ್ ಮಿಲ್ ನಿಂತೋಗೈತೆ." ಇನ್ನಷ್ಟು ಬಗ್ಗಿದ. "ನೆನ್ನೆ ಟೀ ಅಂಗ್ಡಿ ಗಂಟ ಬಂದಿದ್ದೆ ಕಣಣ್ಣ."

"ಗೊತ್ತು," ಎಂದಳು ಕೆಂಚಮ್ಮ. "ಅವ್ರೂ ನೋಡಿದ್ರು. ನಿಂಗೇಂತ ಕುರ್ಚಿ ಹಾಕ್ಸಿದ್ರು."

ನಟರಾಜು ಗೋಳೋ ಎಂದು ಅತ್ತ. ಬೆಳಿಗ್ಗೆ ಅವನನ್ನು ಜರಿದಿದ್ದ ಚಲುವಯ್ಯ ಕಾರ್ಡಿನ ಗಂಟನ್ನು ಎತ್ತಿ ಅವನ ಕೈಗೆ ಕೊಟ್ಟ. ನಟರಾಜು ಚೀಲದಿಂದ ತಗಡಿನ ಡಬ್ಬಿ ತೆಗೆದು ಕೆಳಗೆ ಚಾಚಿದ.

"ಇದು ಸುಟ್ಟಿರ್ಲಿಲ್ಲ," ಎಂದ.

ಚಲುವಯ್ಯ ಏನೂ ಕೇಳದೆ ಡಬ್ಬಿಯನ್ನು ಈಸಿಕೊಂಡು, ಗಂಟು ಇದ್ದ ಜಾಗದಲ್ಲೇ ಇಟ್ಟು, ಬೋರಲಿಂಗಯ್ಯನ ಎರಡೂ ಕೈಗಳನ್ನು ಅದರ ಮೇಲೆ ಜೋಡಿಸಿ ಮೇಲೆ ಹತ್ತಿ ಬಂದ.

ಕೆಂಚಮ್ಮ ಹಾಕಿದ ಮೊದಲ ಹಿಡಿ ಮಣ್ಣು ತಗಡಿಗೆ ಬಿದ್ದು ಠಣ್ ಎಂದಿತು. ಭಾನುಪ್ರಿಯ ಹಾಕಿದ್ದು ಅಷ್ಟು ಸದ್ದು ಮಾಡಲಿಲ್ಲ. ನಟರಾಜು ತನ್ನ ಹಿಡಿ ಬಿಚ್ಚುವ ಹೊತ್ತಿಗೆ ಡಬ್ಬಿ ಮುಚ್ಚಿಹೋಗಿತ್ತು. ಮಣ್ಣಿನ ಮೇಲೆ ಮಣ್ಣು ಬಿತ್ತು.