ಓದಿ ಹೇಳೋ ಗೋಪಿ

ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಹೊಂಗೆಮರದ ಕೆಳಗಿರುವ ಕಲ್ಲುಬೆಂಚು ಬೆಳಿಗ್ಗೆ ಏಳರಿಂದ ಎಂಟರವರೆಗೆ ಇಬ್ಬರಿಗೆ ಸೇರಿದ್ದು. ಕಾಗದಪತ್ರ ಏನೂ ಇಲ್ಲ, ಆದರೂ ಸೇರಿದ್ದು. ವಾಕಿಂಗ್ ಬರುವವರು ಯಾರೂ ಆ ಹೊತ್ತಿನಲ್ಲಿ ಅಲ್ಲಿ ಕೂರುತ್ತಿರಲಿಲ್ಲ. ಒಬ್ಬ ಗೋಪೀನಾಥ, ಪಾರ್ಕಿನ ಎದುರು ಸಾಲಿನಲ್ಲಿ ಸ್ವಂತ ಮನೆಯಿದ್ದವನು. ಇನ್ನೊಬ್ಬ ಮುರುಗೇಶ, ಪಕ್ಕದ ಹೊಸಹಳ್ಳಿಯ ಓಣಿಯಲ್ಲಿ ಮಗಳ ಜೊತೆ ಇದ್ದವನು. ಗೋಪೀನಾಥ ಪೇಪರ್ ಬಿಚ್ಚಿ ಗಟ್ಟಿಯಾಗಿ ಓದುತ್ತಿದ್ದ, ಮುರುಗೇಶ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಮಧ್ಯೆ ಮಧ್ಯೆ ರಾಜಕಾರಣಿಗಳಿಗೆ ಇಬ್ಬರೂ ಸೇರಿ ಬಯ್ಯುತ್ತಿದ್ದರು.

ಈ ಓದು ಶುರುವಾದದ್ದು ರಾಜಾಜಿನಗರದ ಒಂದು ಪಂಪಿನ ಕಾರ್ಖಾನೆಯಲ್ಲಿ, ನಲವತ್ತನಾಲ್ಕು ವರ್ಷದ ಹಿಂದೆ. ಗೋಪೀನಾಥ ಸ್ಟೋರ್ಸಿನಲ್ಲಿ ಗುಮಾಸ್ತ, ಮುರುಗೇಶ ಫಿಟ್ಟರ್. ಮುರುಗೇಶ ತಮಿಳುನಾಡಿನ ಧರ್ಮಪುರಿ ಕಡೆಯಿಂದ ಅಪ್ಪನ ಕೈಹಿಡಿದುಕೊಂಡು ಬಂದವನು. ಅಲ್ಲಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ, ಇಲ್ಲಿ ಶಾಲೆಯ ಮುಖ ನೋಡಲಿಲ್ಲ. ಕನ್ನಡ ಮಾತಾಡಿದರೆ ಬೆಂಗಳೂರಿನಲ್ಲೇ ಹುಟ್ಟಿದವನ ಹಾಗೆ. ಅಕ್ಷರ ಮಾತ್ರ ಒಂದೂ ಬಾರದು. ಊಟದ ಬಿಡುವಿನಲ್ಲಿ ಡಬ್ಬಿ ತೆರೆಯುವ ಮೊದಲು "ಓದಿ ಹೇಳೋ ಗೋಪಿ" ಅನ್ನುತ್ತಿದ್ದ. ಗೋಪೀನಾಥ ಓದುತ್ತಿದ್ದ. ರೇಷನ್ ಕಾರ್ಡಿನ ಅರ್ಜಿ, ಪಿಎಫ್ ಕಾಗದ, ಮಗಳು ಮಾಲಾಳ ಶಾಲೆಯ ಫಾರಮ್ಮು, ಎಲ್ಲವನ್ನೂ ಓದಿದವನು, ತುಂಬಿದವನು ಅವನೇ. ಮಾಲಾಗೆ ಮಗಳು ಹುಟ್ಟಿದಾಗ ವಚನಾ ಎಂದು ಹೆಸರು ಹುಡುಕಿ ಕೊಟ್ಟವನೂ ಅವನೇ. ಕಲಿತುಕೋ ಎಂದು ಗೋಪೀನಾಥ ಒಂದು ದಿನವೂ ಹೇಳಲಿಲ್ಲ. ಮುರುಗೇಶನೂ ಕೇಳಲಿಲ್ಲ. ಓದಿ ಹೇಳುವವನು ಪಕ್ಕದಲ್ಲೇ ಇರುವಾಗ ಕಲಿಯುವ ದರ್ದು ಯಾರಿಗೆ?

ತೊಂಬತ್ತೊಂದರ ಕಾವೇರಿ ಗಲಾಟೆಯ ಮಾತು ಇಲ್ಲಿ ಹೇಳಲೇಬೇಕು. ಆಗ ಮುರುಗೇಶನ ಸಂಸಾರ ಒಂದು ವಾರ ಗೋಪೀನಾಥನ ಮನೆಯ ನಡುಕೋಣೆಯಲ್ಲಿತ್ತು. ಐದು ವರ್ಷದ ಮಾಲಾ ಅಳದಿರಲೆಂದು ಗೋಪೀನಾಥನ ಹೆಂಡತಿ ಅಂಬುಜಾ ಮಗುವಿನ ಬಾಯಿಗೆ ಕೊಬ್ಬರಿ ಬೆಲ್ಲ ತುರುಕುತ್ತಿದ್ದಳು. ಗೇಟಿನ ಹತ್ತಿರ ಆರೇಳು ಜನ ದೊಣ್ಣೆ ಹಿಡಿದು ಬಂದರು. ಗೋಪೀನಾಥ ಪಂಚೆಯುಟ್ಟು ಬರಿಮೈಯಲ್ಲೇ ಹೊರಗೆ ಹೋಗಿ ನಿಂತ. ಮುಂದೆ ನಿಂತಿದ್ದವನು ದಿನಸಿ ಅಂಗಡಿ ರುದ್ರೇಶನ ತಮ್ಮ. "ಏನೋ, ನಿಮ್ಮಣ್ಣಂಗೆ ಗೊತ್ತೇನೋ ನೀನು ಇಲ್ಲಿ ಬಂದಿರೋದು?" ಅಂದ ಗೋಪೀನಾಥ. ಹುಡುಗ ತಲೆ ತಗ್ಗಿಸಿದ, ದೊಣ್ಣೆಯೂ ತಗ್ಗಿತು. ಗೋಪೀನಾಥ ಅಂಥವನು. ಮುಂದಿನದನ್ನು ಕೇಳಿ ಯಾರೂ ಅವನನ್ನು ಹುಟ್ಟಾ ಕೆಟ್ಟವನೆಂದು ತಿಳಿಯಬಾರದು ಅಂತಲೇ ಇದನ್ನು ಮೊದಲೇ ಹೇಳಿದ್ದು.

ನಿವೃತ್ತಿಯಾದ ಮೇಲೆ ಅವನ ಮಾತಿಗೆ ಮನೆಯಲ್ಲಿ ಗಿರಾಕಿ ಇರಲಿಲ್ಲ. ಮಗ ಕಶ್ಯಪ್ ಕಿವಿಗೆ ಏನೋ ಸಿಕ್ಕಿಸಿಕೊಂಡು ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ. ಅಂಬುಜಾ ಏನು ಹೇಳಿದರೂ ಕೊನೆಗೆ "ಸೊಪ್ಪು ತಂದ್ರಾ?" ಅನ್ನುತ್ತಿದ್ದಳು. ಹೀಗಿರುವಾಗ ಫೇಸ್‌ಬುಕ್ಕಿನ 'ನಮ್ಮ ಪಶ್ಚಿಮ ನಮ್ಮ ಹೆಮ್ಮೆ' ಎಂಬ ಗುಂಪಿಗೆ ಸೇರಿದ. ಮೊದಮೊದಲು ಗುಂಡಿ ಬಿದ್ದ ರಸ್ತೆ, ಕಸದ ಗಾಡಿ, ಕಳೆದುಹೋದ ನಾಯಿ. ಒಂದು ದಿನ ಯಾರೋ ವಿಡಿಯೊ ಹಾಕಿದರು. ಅಂಗಡಿಯೊಂದರಲ್ಲಿ ಉತ್ತರದ ಕಡೆಯ ಹುಡುಗ, ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟ. ಕೆಳಗೆ ನೂರಾರು ಬೈಗುಳ. ಗೋಪೀನಾಥ ತನ್ನ ಪಾಡಿಗೆ ಒಂದು ಸಾಲು ಬರೆದ: "ಅವನೂ ಹೊಟ್ಟೆಪಾಡಿಗೆ ಬಂದವನು, ಕಲಿಸಿದರೆ ಕಲಿಯುತ್ತಾನೆ."

ಬಿದ್ದರಪ್ಪ ಅವನ ಮೇಲೆ! "ಅಜ್ಜ, ನಿಮ್ಮಂಥವರಿಂದಲೇ ಊರು ಹಾಳಾಗಿದ್ದು." "ಈ ಮುದುಕನಿಗೆ ಎಷ್ಟು ಕೊಟ್ಟಿದಾರೆ ಕೇಳ್ರೋ." ಸಿಂಹದ ಚಿತ್ರ ಹಾಕಿಕೊಂಡಿದ್ದವನೊಬ್ಬ, "ನೀನು ಕನ್ನಡದವನೇನಾ?" ಎಂದು ಏಕವಚನದಲ್ಲಿ ಕೇಳಿದ. ಆ ಸಿಂಹ ಯಾರು, ಎಲ್ಲಿಯವನು, ಬೆಳಿಗ್ಗೆ ತಿಂಡಿ ತಿಂದಿದ್ದನೋ ಇಲ್ಲವೋ, ದೇವರಿಗೇ ಗೊತ್ತು. ರುದ್ರೇಶನ ತಮ್ಮನಾಗಿದ್ದರೆ ಅಣ್ಣನ ಹೆಸರು ಹೇಳಬಹುದಿತ್ತು. ಇಲ್ಲಿ ಯಾರಿಗೆ ಯಾರ ಹೆಸರು ಹೇಳುವುದು? ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ರಾಜ್ಯೋತ್ಸವದ ಭಾಷಣ ಮಾಡಿದ ಗೋಪೀನಾಥನಿಗೆ ಆ ಪ್ರಶ್ನೆ ಮುಳ್ಳಿನ ಹಾಗೆ ಚುಚ್ಚಿತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ತಾನೆಂಥ ಕನ್ನಡಿಗ ಎಂದು ತೋರಿಸಿಯೇಬಿಡುತ್ತೇನೆಂದು ಕೂತು ಬರೆದ.

"ನನ್ನ ಪಕ್ಕದಲ್ಲೇ ಒಬ್ಬನಿದ್ದಾನೆ. ನಲವತ್ತನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಈ ನೆಲದ ಅನ್ನ ಉಂಡ, ಈ ನದಿಯ ನೀರು ಕುಡಿದ. ಇವತ್ತಿಗೂ ಕನ್ನಡದ ಒಂದು ಅಕ್ಷರ ಬಾರದು. ಪೇಪರನ್ನು ನಾನೇ ಓದಿ ಹೇಳಬೇಕು. ನಮ್ಮ ಔದಾರ್ಯವೇ ನಮಗೆ ಶಾಪ. ಇಂಥವರನ್ನು ಅಂದೇ ಗಡಿಯಾಚೆ ಕಳಿಸಿದ್ದರೆ ಇಂದು ಈ ಗತಿ ಬರುತ್ತಿರಲಿಲ್ಲ."

ಆ ಕೊನೆಯ ಸಾಲು ಅವನ ಮನಸ್ಸಿನಲ್ಲಿದ್ದದ್ದಲ್ಲ. ಬರಹಕ್ಕೊಂದು ಮುಕ್ತಾಯ ಬೇಕಾಗಿತ್ತು, ಭಾಷಣ ಮಾಡಿ ಅಭ್ಯಾಸವಾದ ಕೈ, ಬಂತು, ಬರೆದ. ಹೆಸರು ಹಾಕಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಇನ್ನೊಂದು ಸಮಾಧಾನವೂ ಒಳಗೆ ಇತ್ತು, ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ನಾಚಿಕೆಯಾಯಿತು: ಬರೆದದ್ದು ಕನ್ನಡದಲ್ಲಿ. ಮುರುಗೇಶ ಹೇಗೂ ಓದಲಾರ.

ಸಂಜೆಯೊಳಗೆ ಆರುನೂರು ಲೈಕು. "ಗುರುಗಳೇ, ಸತ್ಯ ಹೇಳಿದ್ರಿ." "ಇಂಥ ಹಿರಿಯರು ಬೇಕು." ಅದೇ ಸಿಂಹ ಬಂದು ಕೈಮುಗಿಯಿತು. ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಗೋಪೀನಾಥ ಏರಿದ, ಏಣಿ ಎಲ್ಲಿದೆ ಎಂದು ನೋಡಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅವನು ಪಾರ್ಕಿಗೆ ಬಂದಾಗ ಮುರುಗೇಶ ಆಗಲೇ ಬಂದು ಕೂತಿದ್ದ. ಯಾವತ್ತೂ ತಡವಾಗಿ ಬರುವವನು. ಕೈಯಲ್ಲಿ ಮಗಳ ಫೋನು.

"ಏನೋ ಬಂದಿದೆ ಕಣೋ ಇದರಲ್ಲಿ," ಅಂದ. "ಓದಿ ಹೇಳೋ ಗೋಪಿ."

ಗೋಪೀನಾಥ ಕನ್ನಡಕ ಹಾಕಿಕೊಂಡು ನೋಡಿದ. ತನ್ನದೇ ಬರಹ. ಮೇಲೆ ತನ್ನದೇ ಹೆಸರು, ಹೆಸರಿನ ಪಕ್ಕ ತಾನೇ ಆರಿಸಿ ಹಾಕಿಕೊಂಡ ದೀಪದ ಚಿತ್ರ. ಮುರುಗೇಶ ಕಣ್ಣು ಮುಚ್ಚಿಕೊಂಡಿರಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದ.

"ಇದಾ? ಇದು... ನೀರಿನ ವಿಷಯ ಕಣೋ. ಪೈಪ್ ರಿಪೇರಿ ಅಂತೆ. ಎರಡು ದಿನ ನೀರು ಬರಲ್ವಂತೆ."

"ಇಷ್ಟುದ್ದ ಇದೆಯಲ್ಲೋ."

"ಯಾವ್ಯಾವ ಏರಿಯಾ ಅಂತ ಹಾಕಿದಾರೆ. ಹೆಗ್ಗನಹಳ್ಳಿ, ಮಲ್ಲತ್ತಹಳ್ಳಿ, ನಮ್ಮ ಲೇಔಟು..." ಗೋಪೀನಾಥನ ಬೆರಳು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. 'ಗಡಿಯಾಚೆ' ಎಂಬಲ್ಲಿ ಬೆರಳಿಟ್ಟು "ಹೊಸಹಳ್ಳಿ" ಎಂದು ಓದಿದ.

"ಹೊಸಹಳ್ಳಿಗೂ ಬರಲ್ವಾ?"

"ಬರಲ್ಲ."

"ಸರಿ. ಮಾಲಾಗೆ ಹೇಳ್ತೀನಿ, ನೀರು ಹಿಡಿದಿಡ್ಲಿ," ಎಂದು ಮುರುಗೇಶ ಫೋನು ತೆಗೆದುಕೊಂಡು ಎದ್ದ. ಅವತ್ತಿನ ಪೇಪರ್ ಓದಿಸಿಕೊಳ್ಳಲಿಲ್ಲ.

ಎರಡು ದಿನ ಬರಲೂ ಇಲ್ಲ. ನೀರೇನೋ ಎರಡು ದಿನವೂ ಬಂತು, ಅಂಬುಜಾಳ ಸಂಪು ತುಂಬಿ ಚೆಲ್ಲಿತು. ಮೂರನೆಯ ದಿನ ಗೋಪೀನಾಥ ಮನಸ್ಸು ತಡೆಯದೆ ಹೊಸಹಳ್ಳಿಗೆ ಹೋದ. ಬಾಗಿಲಲ್ಲಿ ಎರಡು ನೀಲಿ ಡ್ರಮ್ಮು, ಎರಡರಲ್ಲೂ ಬಾಯಿಮಟ್ಟ ನೀರು. ಮಾಲಾ ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು. ಯಾವತ್ತೂ ಹಾಗೆ ಮಾಡಿದವಳಲ್ಲ.

"ಬನ್ನಿ ಅಂತ ಹೇಳೋಕಾಗ್ತಿಲ್ಲ ದೊಡ್ಡಪ್ಪ, ತಪ್ಪು ತಿಳ್ಕೋಬೇಡಿ," ಅಂದಳು. "ನೀವು ಬರೆದಿದ್ದು ನನ್ನ ಫೋನಿಗೂ ಬಂದಿತ್ತು, ಅವತ್ತು ಸಾಯಂಕಾಲಾನೇ ವಚನಾ ಓದಿ ಹೇಳಿದ್ಲು. ಅಪ್ಪ ನಂಬಲಿಲ್ಲ. ಮಗೂಗೇ ಬೈದ್ರು. ನಿನಗೆ ಓದೋಕೆ ಬರಲ್ಲ ಕಣೇ, ಗೋಪಿ ಬಾಯಲ್ಲೇ ಕೇಳ್ತೀನಿ ಅಂತ ನನ್ನ ಫೋನ್ ತಗೊಂಡು ಬಂದಿದ್ರು."

ಗೋಪೀನಾಥ ಬಾಗಿಲ ಪಕ್ಕಕ್ಕೆ ತಿರುಗಿದ. "ಈ ಡ್ರಮ್ಮು?" ಅಂದ.

"ವಾಪಸ್ ಬಂದು ತುಂಬಿಸ್ಕೊಳ್ಳಿ ಅಂದ್ರು. ಯಾಕಪ್ಪಾ ಅಂದೆ. ಗೋಪಿ ಹೇಳಿದಾನೆ, ತುಂಬಿಸು ಅಂದ್ರು." ಮಾಲಾಳ ಕಣ್ಣು ತುಂಬಿತು. "ಅಷ್ಟೇ ದೊಡ್ಡಪ್ಪ. ಆಮೇಲೆ ಮಾತಾಡಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಗೋಪೀನಾಥ ಅವತ್ತು ಮನೆಗೆ ಬಂದು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅತ್ತ. ಆ ಬರಹವನ್ನು ಅಳಿಸಿಹಾಕಬಹುದಿತ್ತು. ಅಳಿಸಲಿಲ್ಲ. ಲೈಕು ಎರಡು ಸಾವಿರ ದಾಟಿತ್ತು, ಅಳಿಸಿದರೆ ಹೆದರಿದ ಅಂತಾರೆ, ಸಿಂಹ ಮತ್ತೆ "ನೀನು ಕನ್ನಡದವನೇನಾ" ಅನ್ನುತ್ತದೆ. ಗೆಳೆಯನನ್ನು ಕಳೆದುಕೊಂಡ ಮೇಲೂ ಗುರುತೇ ಇಲ್ಲದವರ ಮುಂದೆ ಮಾನ ಉಳಿಸಿಕೊಳ್ಳುವ ಆಸೆ! ಎಂಥ ಕೆಟ್ಟ ಚಟ ಇದು. ನಾಳೆ ನೋಡೋಣ, ನಾಳೆ ನೋಡೋಣ ಎಂದು ದಿನ ತಳ್ಳಿದ.

ಹಾಗೆ ಮೂರು ವಾರ ಹೋಯಿತು. ಮುರುಗೇಶ ಪಾರ್ಕಿನ ಕಡೆ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಫೋನು ತೆರೆದರೆ ಆ ಬರಹದ ಕೆಳಗೆ ಹೊಸದೊಂದು ಕಮೆಂಟು. ಹೆಸರು ಮುರುಗೇಶ್, ಹೊಸಹಳ್ಳಿ. ಚಿತ್ರವಿಲ್ಲ.

"ಗೋಪಿ. ನಾನೇ ಓದಿದೆ. ನೀರು ಬಂತು."

ಗೋಪೀನಾಥ ಅದನ್ನು ಎಷ್ಟು ಸಲ ಓದಿದನೋ. ನಲವತ್ತನಾಲ್ಕು ವರ್ಷದಲ್ಲಿ ಮುರುಗೇಶ ಬರೆದ ಮೊದಲ ಕನ್ನಡ ಅದು. ಮೊಮ್ಮಗಳ ಪಕ್ಕದಲ್ಲಿ ಕಾಪಿ ಪುಸ್ತಕ ಹಿಡಿದು, ಫಿಟ್ಟರನ ಆ ದಪ್ಪ ಬೆರಳುಗಳಲ್ಲಿ ಅ ಆ ತಿದ್ದುತ್ತ ಕೂತಿದ್ದಾನೆ ಅಂತ ಮಾಲಾಳ ಪಕ್ಕದ ಮನೆಯ ರಾಮಮ್ಮ ಅಂಗಡಿಯಲ್ಲಿ ಹೇಳಿದ್ದು ಕಿವಿಗೆ ಬಿದ್ದಿತ್ತು. ನಂಬಿರಲಿಲ್ಲ. ಬೈಗುಳದ ಮಾತು ಒಂದೂ ಇಲ್ಲ. ಯಾಕೆ ಹೀಗೆ ಮಾಡಿದೆ ಎಂಬ ಪ್ರಶ್ನೆಯೂ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಉತ್ತರ ಬರೆಯುವ ಮೊದಲೇ ಇತರರು ಬಂದರು. "ಓಹೋ, ಇವನೇ ನೋಡ್ರೋ ಆ ಗಡಿಯಾಚೆಯವನು!" "ನೀರು ಬಂತಂತೆ. ನಮ್ಮ ಕಾವೇರಿ ಕುಡಿದು ನಮಗೇ ಅಣಕ." "ಉಂಡ ಮನೆಗೆ ಎರಡು ಬಗೆಯೋ ಜಾತಿ." "ಹೊಸಹಳ್ಳೀಲಿ ಎಲ್ಲಿ ಇವನ ಮನೆ? ಯಾರಿಗಾದ್ರೂ ಗೊತ್ತಾ?" ಹತ್ತು ನಿಮಿಷಕ್ಕೆ ನಲವತ್ತು. ಇಬ್ಬರು ಮುದುಕರ ನಡುವಿನ ಮೂರು ಮಾತು, ಅದರ ತಲೆಬುಡ ಗೊತ್ತಿಲ್ಲದವರೆಲ್ಲ ಕಚ್ಚಿ ಎಳೆದಾಡಿದರು. "ದಯವಿಟ್ಟು ಬಿಡಿ, ಅವನು ನನ್ನ ಗೆಳೆಯ," ಎಂದು ಗೋಪೀನಾಥ ಬರೆದ. "ಗುರುಗಳೇ, ನೀವೇ ತಾನೇ ಬರೆದಿದ್ದು?" ಎಂದು ಸಿಂಹ ಕೇಳಿತು. ನಗುವ ಮುಖಗಳು ಸಾಲಾಗಿ ಬಂದವು.

ಮನೆ ಎಲ್ಲಿ ಎಂದು ಕೇಳಿದವನಿಗೆ ಯಾರಾದರೂ ಹೇಳಿಬಿಟ್ಟರೆ? ತೊಂಬತ್ತೊಂದರಲ್ಲಿ ಗೇಟಿನ ಮುಂದೆ ಹೋಗಿ ನಿಂತಿದ್ದ. ಈಗ ನಿಲ್ಲಲು ಗೇಟೇ ಇಲ್ಲ. ಗೋಪೀನಾಥ ಇನ್ನು ಯೋಚಿಸಲಿಲ್ಲ. ಬರಹವನ್ನು ಅಳಿಸಿಬಿಟ್ಟ. ಎರಡು ಸಾವಿರ ಲೈಕು, ಸಿಂಹ, ಬೈಗುಳ, ಎಲ್ಲವೂ ಒಂದೇ ಸಲಕ್ಕೆ ಹೋಯಿತು. ಮೂರು ವಾರದಲ್ಲಿ ಮೊದಲ ಸಲ ಎದೆ ಹಗುರವಾಯಿತು. ಮೂರು ವಾರ ಮೊದಲೇ ಮಾಡಬೇಕಾಗಿದ್ದ ಕೆಲಸ.

ಮರುದಿನ ಏಳಕ್ಕೆ ಪಾರ್ಕಿಗೆ ಬಂದಾಗ ಮುರುಗೇಶ ಬಂದಿದ್ದ. ಹೊಂಗೆಮರದ ಬೆಂಚಿನಲ್ಲಲ್ಲ, ಆಚೆ ಕಡೆ ಸಿಮೆಂಟಿನ ಕಟ್ಟೆಯ ಮೇಲೆ. ತೊಡೆಯ ಮೇಲೆ ಒಂದು ಪೇಪರ್, ಅವನೇ ಕೊಂಡದ್ದು. ಗೋಪೀನಾಥ ಓಡುನಡಿಗೆಯಲ್ಲಿ ಹೋಗಿ ಪಕ್ಕದಲ್ಲಿ ಕೂತ.

"ತಪ್ಪಾಯ್ತು ಕಣೋ ಮುರುಗ. ಯಾವ ಬಾಯಲ್ಲಿ ಹೇಳ್ಲಿ. ಅಳಿಸಿಬಿಟ್ಟೆ ಕಣೋ. ನಿನ್ನೆ ಮಧ್ಯಾಹ್ನಾನೇ ಅಳಿಸಿದೆ. ಎಲ್ಲಾ ಹೋಯ್ತು."

ಮುರುಗೇಶ ತಲೆ ಎತ್ತಿದ. "ನಾನು ಬರೆದಿದ್ದೂ?"

ಗೋಪೀನಾಥನಿಗೆ ಆಗ ಹೊಳೆಯಿತು. "ಎಲ್ಲಾ ಒಟ್ಟಿಗೆ ಹೋಗುತ್ತೆ ಕಣೋ," ಅಂದ.

"ಎರಡು ದಿನ ಹಿಡೀತು ಅದನ್ನ ಬರಿಯೋಕೆ," ಅಂದ ಮುರುಗೇಶ. ಸಿಟ್ಟಿರಲಿಲ್ಲ. ನೀರು ಬಂತು ಅಂದ ಹಾಗೆಯೇ ಅಂದ.

ಗೋಪೀನಾಥ ಅಭ್ಯಾಸಬಲದಿಂದ ಪೇಪರಿಗೆ ಕೈ ಚಾಚಿದ. "ಬೇಡ, ಬಿಡು," ಎಂದು ಮುರುಗೇಶ ಅದನ್ನು ತನ್ನ ಕಡೆ ಎಳೆದುಕೊಂಡ. ದೊಡ್ಡ ಅಕ್ಷರದ ತಲೆಬರಹದ ಮೇಲೆ ಬೆರಳಿಟ್ಟು, ಮಗ್ಗಿ ಹೇಳುವ ಮಗುವಿನ ಹಾಗೆ ತುಟಿ ಆಡಿಸುತ್ತ, ಮೊದಲಿನಿಂದ ಶುರುಮಾಡಿದ. ಎರಡನೆಯ ಪದದ ಒತ್ತಕ್ಷರದ ಹತ್ತಿರ ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂತು, ಮತ್ತೆ ಅಲ್ಲೇ ನಿಂತಿತು. ಆ ಪದ ಗೋಪೀನಾಥನಿಗೆ ಗೊತ್ತಿತ್ತು. ಹೇಳಿಕೊಡಲು ಬಾಯಿ ಬರಲಿಲ್ಲ. ಮುರುಗೇಶನೂ ಕೇಳಲಿಲ್ಲ.