ಹದಿನೇಳು ಪಟ್ಟಿಗಳ ಕಂಪ್ಯೂಟರ್

ಚಳಿ ಕಾಲು ಕಿತ್ತಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಅಂಥದೊಂದು ಬೆಳಿಗ್ಗೆ ಹತ್ತರ ಹೊತ್ತಿಗೆ ದರ್ಜಿ ಅಕ್ಕನ ತಮ್ಮ ಎರಡು ದಿನದ ಮಟ್ಟಿಗೆಂದು ಕೈಚೀಲ ಹಿಡಿದು ಬಂದ. ಮೂರು ವಾರವಾದರೂ ಕದಲಲಿಲ್ಲ.

ಕರೆಸಿದವಳು ಅಕ್ಕನೇ. ಶಾಲೆಯ ಅಂಗಿಗಳ ಮೇಲೆ ಅವಳು ಕೈಕಸೂತಿಯಲ್ಲಿ ಹಾಕುತ್ತಿದ್ದ ಲಾಂಛನಗಳನ್ನು ಇನ್ನು ಯಂತ್ರವೇ ಹೊಲಿಯುತ್ತದೆಂದು ಸಮವಸ್ತ್ರದ ಅಂಗಡಿಯವನು ಹೇಳಿಬಿಟ್ಟಿದ್ದ. "ನಕ್ಷೆ ಕಂಪ್ಯೂಟರಲ್ಲಿ ಬರೆದುಕೊಟ್ರೆ ಕೆಲಸ ನಿಮ್ಮದೇ. ತಿಂಗಳ ಕೊನೇ ಶನಿವಾರ ಬಂದು ನೋಡ್ತೀನಿ. ಇಲ್ಲಾಂದ್ರೆ ಬೇರೆಯವರಿದ್ದಾರೆ." ನಕ್ಷೆ ಬರೆಯಲು ಮಗಳು ಕಲಿತಿದ್ದಳು. ಕಂಪ್ಯೂಟರೇ ಇರಲಿಲ್ಲ. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದರೆ ಅಗ್ಗ ಎಂದವನು ತಮ್ಮ.

ಜೋಡಿಸಲು ಮೊದಲು ಸಾಮಾನಿನ ಪಟ್ಟಿ ಬೇಕಲ್ಲ! ಬೆಳಿಗ್ಗೆ ಒಂದು ಪಟ್ಟಿ, ಊಟವಾದ ಮೇಲೆ ಇನ್ನೊಂದು. ಪ್ರೊಸೆಸರ್ ಬದಲಾದರೆ ಮದರ್‌ಬೋರ್ಡಿನ ಮೇಲೆ ಕೂರುವುದಿಲ್ಲ, ಬೋರ್ಡ್ ಬದಲಾದರೆ ಮೆಮೊರಿ ಹೊಂದುವುದಿಲ್ಲ. ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು.

"ಮದುವೆಗೆ ಹೆಣ್ಣು ನೋಡೋಕೂ ಇಷ್ಟು ದಿನ ತಗೊಳ್ಳಲಿಲ್ಲವಲ್ಲೋ ನೀನು!"

"ಅದಕ್ಕೇ ಅನುಭವಿಸ್ತಿದ್ದೀನಿ, ಅಕ್ಕಾ," ಎಂದ ತಮ್ಮ, ತಲೆ ಎತ್ತದೆ.

ಅವನು ಮುದುರಿ ಎಸೆದ ಪಟ್ಟಿಗಳನ್ನೆಲ್ಲ ಅಕ್ಕ ಬಿಡಿಸಿ, ಗಿರಾಕಿಗಳ ಅಳತೆ ಚೀಟಿಗಳಿದ್ದ ಮೊಳೆಗೇ ಚುಚ್ಚಿಡುತ್ತಿದ್ದಳು. ಬಟ್ಟೆ ಗಿರಾಕಿಯ ಕೈ ಸೇರುವ ತನಕ ಚೀಟಿ ಎಸೆಯಬಾರದೆಂಬುದು ಅವಳು ಕಸುಬಿನಲ್ಲಿ ಕಲಿತ ಪಾಠ.

ಕೊನೆಗೆ ಹದಿನೇಳನೇ ಪಟ್ಟಿಯಂತೆ ಸಾಮಾನು ಬಂತು. ಕೊನೇ ಶನಿವಾರಕ್ಕೆ ಎರಡೇ ದಿನ ಉಳಿದಿದ್ದ ಗುರುವಾರ ತಮ್ಮ ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದ. ಕ್ಯಾಬಿನೆಟ್ಟಿನ ಫ್ಯಾನುಗಳು ಕೆಂಪು, ನೀಲಿ, ಹಸಿರು ಬೆಳಕು ಚೆಲ್ಲುತ್ತ ತಿರುಗಿದವು. ಪರದೆ ಮಾತ್ರ ಕಪ್ಪಗೇ ಇತ್ತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದಳು ಅಕ್ಕ.

ತಮ್ಮ ಮೊದಲು ಕೇಬಲ್ ಸರಿಯಿಲ್ಲ ಎಂದ. ಆಮೇಲೆ ಪರದೆ ಸರಿಯಿಲ್ಲ ಎಂದ. ಕಡೆಗೆ ಈ ಮನೆಯ ಕರೆಂಟೇ ಸರಿಯಿಲ್ಲ ಎಂದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇದೇ ಕರೆಂಟಲ್ಲಿ ನನ್ನ ಹೊಲಿಗೆ ಮಿಷನ್ ಓಡ್ತಿಲ್ವಾ?"

ಅಕ್ಕ ಮೊಳೆಯಿಂದ ಹದಿನೇಳೂ ಪಟ್ಟಿ ಇಳಿಸಿ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಹರವಿದಳು. ಬೆರಳಿಟ್ಟು ಒಂದೊಂದಾಗಿ ನೋಡುತ್ತ ಬಂದು ಒಂಬತ್ತನೆಯದರ ಮೇಲೆ ನಿಂತಳು.

"ಇಲ್ಲೇನೋ ಗೀಟು ಹೊಡೆದಿದ್ದೀಯ. ಏನದು?"

"ಗ್ರಾಫಿಕ್ಸ್ ಕಾರ್ಡ್. ಪರದೆಗೆ ಚಿತ್ರ ಕಳಿಸೋದು. ಆ ಪ್ರೊಸೆಸರೇ ಆ ಕೆಲಸ ಮಾಡ್ತಿತ್ತು, ಕಾರ್ಡ್ ದಂಡ ಅಂತ ತೆಗೆದೆ."

"ಹನ್ನೆರಡನೇದ್ರಲ್ಲಿ ಪ್ರೊಸೆಸರೇ ಬೇರೆ ಇದೆಯಲ್ಲೋ. ಅವತ್ತು ಊಟಕ್ಕೆ ಕೂತಾಗ ನೀನೇ ಹೇಳಿದ್ದೆ, ಇದು ಅಗ್ಗ ಅಂತ. ಯಾಕೆ ಅಗ್ಗ?"

"ಇದರಲ್ಲಿ ಚಿತ್ರದ ಭಾಗ ಇರಲ್ಲ, ಅದಕ್ಕೇ..." ಎನ್ನುತ್ತಲೇ ತಮ್ಮ ಹದಿನೇಳನೇ ಪಟ್ಟಿ ಎಳೆದುಕೊಂಡ. ಕಾರ್ಡ್ ಅದರಲ್ಲೂ ಇರಲಿಲ್ಲ.

"ಅಂಗಿ ಮುಂಭಾಗ ಬದಲಾಯಿಸಿದ ಮೇಲೆ ಹಿಂಭಾಗಕ್ಕೆ ಹೊಂದುತ್ತಾ ಅಂತ ಒಂದ್ಸಲ ನೋಡಬೇಡ್ವೇನೋ, ಮಹಾರಾಯ!"

ಶುಕ್ರವಾರ ಕಂಪ್ಯೂಟರ್ ಅಂಗಡಿಯ ಬಾಗಿಲು ತೆರೆಯುವಾಗಲೇ ಅಕ್ಕ ಆ ಬಣ್ಣದ ಕ್ಯಾಬಿನೆಟ್ಟನ್ನು ಹೊತ್ತು ನಿಂತಿದ್ದಳು. ಅಂಗಡಿಯವನೊಂದಿಗೆ ಒಂದು ಗಂಟೆ ವಾದಿಸಿ, ಅದನ್ನು ಕೊಟ್ಟು ಯಾರೋ ಬಳಸಿದ್ದ ಗ್ರಾಫಿಕ್ಸ್ ಕಾರ್ಡ್ ತಂದಳು.

"ಕ್ಯಾಬಿನೆಟ್ಟೇ ಕೊಟ್ಟುಬಿಟ್ಯಾ? ಕಂಪ್ಯೂಟರಿಗೂ ಒಂದು ಮನೆ ಬೇಡ್ವಾ, ಅಕ್ಕಾ?"

"ಮನೆ ಇದ್ದೂ ನೀನಿಲ್ಲಿ ಕೂತಿಲ್ವಾ? ಅದೂ ಎಲ್ಲೋ ಒಂದು ಕಡೆ ಕೂರುತ್ತೆ."

ಮಗಳು ಅಂಗಿ ಗುಂಡಿಗಳನ್ನಿಡುವ ಮರದ ಡ್ರಾಯರ್ ಖಾಲಿ ಮಾಡಿ ತಂದಳು. ತಮ್ಮ ಅದರಲ್ಲೇ ಎಲ್ಲವನ್ನೂ ಹೊಂದಿಸಿದ. ಸ್ವಿಚ್ಚು ಕ್ಯಾಬಿನೆಟ್ಟಿನ ಜೊತೆಗೇ ಹೋಗಿತ್ತು. ಅದರ ಬದಲು ಬೋರ್ಡಿನ ಎರಡು ಸಣ್ಣ ಕಡ್ಡಿಗಳಿಗೆ ಅವನು ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದ. ಬಣ್ಣವಿಲ್ಲ, ಬೆಡಗಿಲ್ಲ. ಪರದೆ ಬೆಳಗಿತು. ಮಗಳು ಸಂಜೆಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಶನಿವಾರ ಬಂದ ಸಮವಸ್ತ್ರದವನು ಡ್ರಾಯರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಪರದೆಯ ಮೇಲಿನ ಲಾಂಛನವನ್ನು ನಾಲ್ಕು ಸಲ ನೋಡಿ, "ಇನ್ನೂ ಎರಡು ಶಾಲೆಯದು ಕಳಿಸ್ತೀನಿ," ಎಂದು ಹೊರಟ.

ಮರುದಿನ ಬೆಳಿಗ್ಗೆ ತಮ್ಮ ಮತ್ತೆ ಪೆನ್ಸಿಲ್ ಹಿಡಿದು ಕೂತಿದ್ದ.

"ಏನದು?"

"ಪ್ರಿಂಟರ್, ಅಕ್ಕಾ. ಸುಮ್ನೆ ಒಂದು ಪಟ್ಟಿ..."

ಅಕ್ಕ ಆ ಹಾಳೆ ಕಿತ್ತುಕೊಂಡು ಮೊಳೆಗೆ ಚುಚ್ಚಿದಳು. ಬಾಗಿಲ ಹಿಂದೆ ತೂಗುತ್ತಿದ್ದ ಕೈಚೀಲ ತೆಗೆದು ಅವನ ಕೈಗಿತ್ತಳು. ಸಮವಸ್ತ್ರದವನು ಹೋದದ್ದು ಶನಿವಾರ, ತಮ್ಮ ಭಾನುವಾರ.