ತೂಗಜ್ಜಿಯ ಸಂಬಳ

ಮಾಯಾಲೋಕದ ಕಾದಂಬರಿ ಬರೆಯುವ ಅವಳಿಗೆ ರಾಕ್ಷಸರನ್ನು ಪಳಗಿಸುವುದು ಎಂದೂ ಕಷ್ಟವೆನಿಸಿರಲಿಲ್ಲ. ಮೂರು ವರ್ಷದ ಮಗಳು ಗುಬ್ಬಿಗೆ ಚಡ್ಡಿ ಹಾಕಿಸುವುದೇ ಮಹಾಯುದ್ಧ. ಒಂದು ವಾಕ್ಯ ಶುರುಮಾಡಿದರೆ ದೊಡ್ಡ ಮಗನ ಪೆನ್ಸಿಲ್ ಮೊನೆ ಮುರಿಯುತ್ತಿತ್ತು. ಸರಿಮಾಡಿಕೊಟ್ಟು ಅದೇ ವಾಕ್ಯಕ್ಕೆ ಮರಳಿದರೆ ಗುಬ್ಬಿಗೆ ಉಚ್ಚೆ ಬರುತ್ತಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಿಗ್ಗೆ ಹೋದವನ ಮುಖ ಕಾಣುವುದು ಕತ್ತಲಾದ ಮೇಲೆಯೇ.

ಅವಳ ಹೊಸ ಕಾದಂಬರಿಯಲ್ಲಿ ತೂಗಜ್ಜಿ ಎಂಬವಳೊಬ್ಬಳಿದ್ದಳು. ಕೆಲಸದಲ್ಲಿ ಮುಳುಗಿದ ತಾಯಿ ಬಾಯಿಬಿಟ್ಟು ಕರೆದರೆ ಮಾತ್ರ ಬರುವವಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೂವಿನಂತೆ ನೋಡಿಕೊಳ್ಳುತ್ತಾಳೆ. ಸಂಬಳಕ್ಕೆ ಕಾಸು ಕೇಳುವುದಿಲ್ಲ. ಮಗುವಿನ ಮನಸ್ಸಿನಿಂದ ಅಮ್ಮನನ್ನು ಚಿವುಟಿ ಚಿವುಟಿ ತೆಗೆದುಕೊಳ್ಳುತ್ತಾಳೆ. ಯುದ್ಧಕ್ಕೆ ಹೋದ ರಾಣಿ ಗೆದ್ದು ಬರುವ ಹೊತ್ತಿಗೆ ಮಕ್ಕಳಿಗೆ ಅವಳ ಗುರುತೇ ಇರುವುದಿಲ್ಲ. ಆ ಕೊನೆಯ ಅಧ್ಯಾಯವೊಂದು ಬಾಕಿಯಿತ್ತು.

ಪಾತ್ರಗಳ ಮಾತನ್ನು ಜೋರಾಗಿ ಆಡಿ ನೋಡದೆ ಬರೆಯುವ ಅಭ್ಯಾಸ ಅವಳಿಗಿಲ್ಲ. ಒಂದು ಮಧ್ಯಾಹ್ನ ಮಕ್ಕಳಿಬ್ಬರೂ ದಿಂಬು ಹರಿದು ಹತ್ತಿ ಹಾರಿಸುತ್ತಿದ್ದಾಗ ತಲೆಕೆಟ್ಟು, ರಾಣಿಯ ದನಿಯಲ್ಲೇ ಹೇಳಿಬಿಟ್ಟಳು: "ತೂಗಜ್ಜೀ, ಬಾ. ಇವರನ್ನ ನೋಡ್ಕೋ. ನನಗೆ ಕೆಲಸ ಇದೆ."

ಮಕ್ಕಳು ತೆಪ್ಪಗಾದರು. ಪಕ್ಕದ ಕೋಣೆಯಲ್ಲಿ ತೂಗುಕುರ್ಚಿ ಕಿರ್‌ ಕಿರ್ ಎನ್ನತೊಡಗಿತು. ಅವಳು ಸಂಜೆಯವರೆಗೆ ಮನಸಾರೆ ಬರೆದಳು.

"ಪರವಾಗಿಲ್ವೇ, ತಂಗೀನ ಚೆನ್ನಾಗಿ ತೂಗಿದ್ಯಲ್ಲೋ," ಎಂದು ಆಮೇಲೆ ಮಗನನ್ನು ಹೊಗಳಿದಳು.

"ನಾನಲ್ಲಮ್ಮ, ಅಜ್ಜಿ ತೂಗಿದ್ದು. ಆ ಕುರ್ಚೀಲಿ ಕೂತ್ರೆ ನನ್ನ ಕಾಲು ನೆಲಕ್ಕೆ ಎಟುಕಲ್ಲ."

ಗುಬ್ಬಿಯ ತಲೆಯಲ್ಲಿ ಬಿಗಿಯಾದ ಎರಡು ಜಡೆಗಳಿದ್ದವು. ಅಮ್ಮ ಹೆಣೆದದ್ದಲ್ಲ. ಆದರೂ ಕೆದಕಿ ಕೇಳಲಿಲ್ಲ. ಕೇಳಿದರೆ ಎಲ್ಲಿ ನಿಂತುಹೋದೀತೋ ಎಂಬ ಹೆದರಿಕೆಯೇ ಹೆಚ್ಚಿತ್ತು. ಮರುದಿನವೂ ಕರೆದಳು. ಆಮೇಲೆ ಅದೇ ರೂಢಿಯಾಯಿತು. ಪುಟಗಳು ಸರಸರನೆ ಏರಿದವು.

ಹೀಗಿರುವಾಗ ಗುಬ್ಬಿ ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡಳು. ಅಮ್ಮ ಕೈಚಾಚಿ ನಿಂತಿದ್ದರೂ ಅವಳನ್ನು ದಾಟಿಕೊಂಡು ತೂಗುಕುರ್ಚಿಯ ಕಡೆ ಓಡಿದಳು. ಹಿಡಿದು ತಂದು ಗಾಯ ತೊಳೆಯುತ್ತಿದ್ದರೆ ಮಗು ಅವಳ ಮುಖವನ್ನೇ ಕನಿಕರದಿಂದ ನೋಡಿ ಕೇಳಿತು: "ಆಂಟೀ, ನಿಮಗೆ ಮಕ್ಕಳಿಲ್ವಾ?"

ಅವಳು ಚೊಂಬು ಕೆಳಗಿಟ್ಟು ಮಗನ ಕಡೆ ತಿರುಗಿದಳು.

"ಅವಳು ದಿನಾ ಅಜ್ಜಿ ತೊಡೆ ಮೇಲೆ ಕೂತ್ಕೋತಾಳೆ," ಎಂದ ದೊಡ್ಡವನು. "ನನ್ನೂ ಕರೆದ್ರು. ನಾನು ದೊಡ್ಡೋನು, ಬರಲ್ಲ ಅಂದೆ."

ಮಗಳನ್ನು ಎತ್ತಿಕೊಂಡು ಅವಳು ಕೋಣೆಗೆ ನುಗ್ಗಿದಳು. ಖಾಲಿ ಕುರ್ಚಿ ತನ್ನಷ್ಟಕ್ಕೆ ತೂಗುತ್ತಿತ್ತು. ಗುಬ್ಬಿ ಅದರ ಕಡೆ ಕೈಚಾಚಿ ಕೊಸರಾಡಿದಳು.

"ಇನ್ನು ನೀನು ಬರೋದು ಬೇಡ," ಎಂದಳು ಅಮ್ಮ. ಕುರ್ಚಿ ತೂಗುತ್ತಲೇ ಇತ್ತು. "ತಗೊಂಡಿದ್ದನ್ನ ವಾಪಸ್ ಕೊಡು." ಅದಕ್ಕೂ ನಿಲ್ಲಲಿಲ್ಲ.

ಅಳುವುದರಿಂದ ಏನೂ ಗಿಟ್ಟುವುದಿಲ್ಲ, ಇದು ಚೌಕಾಸಿಯ ವಿಷಯ ಎಂದು ಅವಳಿಗೆ ಹೊಳೆಯಿತು. ದನಿ ತಗ್ಗಿಸಿದಳು. "ನೋಡಜ್ಜಿ, ದುಡಿದಿದ್ದೀಯ, ಇಲ್ಲ ಅನ್ನಲ್ಲ. ಆದ್ರೆ ಈ ಸಂಬಳ ಗೊತ್ತುಮಾಡಿದವಳು ನಾನು. ಬದಲಾಯಿಸೋದೂ ನಾನೇ. ನನ್ನ ಮೇಜಿನ ಮೇಲೆ, ಆ ಕಾದಂಬರಿಯ ಹಾಳೆಗಳಲ್ಲಿ ಇರೋರೂ ನನ್ನ ಮಕ್ಕಳೇ. ಹೊಟ್ಟೇಲಿ ಹೊರಲಿಲ್ಲ, ಅಷ್ಟೇ. ಈ ಕೂಸಿನ ಬದಲು ನನ್ನ ಮನಸ್ಸಿಂದ ಅವರನ್ನ ತಗೋ."

ಕುರ್ಚಿ ನಿಂತಿತು.

"ಅಜ್ಜಿ ಯೋಚನೆ ಮಾಡ್ತಿದ್ದಾರೆ," ಎಂದು ದೊಡ್ಡವನು ಪಿಸುಗುಟ್ಟಿದ. ಸ್ವಲ್ಪ ಹೊತ್ತಿನ ಮೇಲೆ, "ಎದ್ರು," ಎಂದ.

ಅವಳ ಬರೆಯುವ ಕೋಣೆಯಲ್ಲಿ ಯಾರೋ ಮೇಜಿನ ಬಳಿಗೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಹಾಳೆಗಳು ಒಂದೊಂದಾಗಿ ಮಗುಚಿದವು. ಆಮೇಲೆ ಏನೂ ಕೇಳಿಸಲಿಲ್ಲ.

ಗುಬ್ಬಿ ಕೊಸರಾಡುವುದನ್ನು ಬಿಟ್ಟು ಅವಳ ಕುತ್ತಿಗೆಗೆ ಮುಖ ಒತ್ತಿದಳು. "ಅಮ್ಮಾ, ಮಂಡಿ ಉರೀತಿದೆ."

ಮಗುವನ್ನು ಸೊಂಟಕ್ಕೇರಿಸಿಕೊಂಡೇ ಅವಳು ಮೇಜಿನ ಹತ್ತಿರ ಹೋದಳು. ಏನನ್ನೋ ಕೊಟ್ಟದ್ದು ನೆನಪಿತ್ತು. ಏನೆಂಬುದು ಮಾತ್ರ ನೆನಪಾಗಲಿಲ್ಲ. ಹಾಳೆಗಳ ತುಂಬ ಅವಳದೇ ಅಕ್ಷರ. ಯಾವಳೋ ರಾಣಿ, ಯಾವುದೋ ಯುದ್ಧ. ಓದಿದರೆ ಬೇರೆಯವರ ಮನೆಗೆ ಬಂದ ಕಾಗದವನ್ನು ಒಡೆದಷ್ಟು ಸಂಕೋಚವಾಗುತ್ತಿತ್ತು. ಕೊನೆಯ ಹಾಳೆಯಲ್ಲಿ, ಇನ್ನೂ ಒಣಗದ ಮಸಿಯಲ್ಲಿ, ಎಳೆಯ ಕೈಯ ಸೊಟ್ಟ ಅಕ್ಷರಗಳ ಸಾಲೊಂದಿತ್ತು: "ಅಮ್ಮಾ, ನಮ್ಮನ್ನ ಯಾಕೆ ಕೊಟ್ಟೆ?"

"ಯಾರ ಮಕ್ಕಳೋ, ಪಾಪ," ಎನ್ನುತ್ತ ಅವಳು ಹಾಳೆಯನ್ನು ಬೋರಲು ಹಾಕಿ, ಗುಬ್ಬಿಯ ಮಂಡಿಗೆ ಹಚ್ಚಲು ಮುಲಾಮು ಹುಡುಕತೊಡಗಿದಳು.